ಶಾತೊನಫ್-ದ್ಯು-ಪಾಪ್

ದಕ್ಷಿಣ ಫ್ರಾನ್ಸಿನ ಪ್ರಸಿದ್ಧ ಮಿಶ್ರ ಕೆಂಪು ವೈನ್. ಅದು ತಯಾರಾಗುವ ಊರಿನ ಹೆಸರೂ ಅದೇ. ಊರು ವೋಕ್ಲೂಜ್ ಜಿಲ್ಲೆಯಲ್ಲಿ, ರೋನ್ ನದಿಯ ಪೂರ್ವ ದಂಡೆಯ ಮೇಲೆ, ಒರಾಂಜ್ ಮತ್ತು ಅವಿನ್ಯೋನ್ ಪಟ್ಟಣಗಳ ನಡುವೆ ಇದೆ. ಶಾತೊನಫ್, ಬೆದಾರಿದ್, ಕೂರ್ತೆಜೋನ್, ಒರಾಂಜ್, ಸೋರ್ಗ್ ಎಂಬ ಐದು ಊರುಗಳ ಎಲ್ಲೆಯೊಳಗೆ ಗುರುತಿಸಿದ ಸುಮಾರು 3,200 ಹೆಕ್ಟೇರ್ ತೋಟಗಳ ಹಣ್ಣಿಗೆ ಮಾತ್ರ ಈ ಹೆಸರು ಹೊರುವ ಹಕ್ಕಿದೆ. ವರ್ಷಕ್ಕೆ ಒಂದು ಕೋಟಿಗೂ ಹೆಚ್ಚು ಬಾಟಲಿಗಳು ಇಲ್ಲಿಂದ ಹೊರಬೀಳುತ್ತವೆ. ಅವುಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕೆಂಪು, ಉಳಿದವು ಬಿಳಿ. ಗುಲಾಬಿ ಬಣ್ಣದ ರೋಸೆ ವೈನಿಗೆ ಈ ಹೆಸರಿನಲ್ಲಿ ಅವಕಾಶವಿಲ್ಲ.

ಹದಿಮೂರು ದ್ರಾಕ್ಷಿ ತಳಿಗಳ ವೈನ್ ಎಂದು ಇದು ಜಗತ್ತಿನಲ್ಲೆಲ್ಲ ಹೆಸರಾಗಿದೆ. ಆ ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಕಾನೂನು ಹದಿಮೂರಕ್ಕೆ ಅನುಮತಿ ಕೊಡುತ್ತದೆಯೇ ಹೊರತು ಹದಿಮೂರನ್ನೂ ಬಳಸಲೇಬೇಕು ಎನ್ನುವುದಿಲ್ಲ. ಯಾವ ತಳಿ ಎಷ್ಟು ಪಾಲಿರಬೇಕೆಂದೂ ಅದು ಹೇಳುವುದಿಲ್ಲ, ಒಂದೇ ತಳಿಯಿಂದ ಮಾಡಿದರೂ ಅದರ ತಕರಾರಿಲ್ಲ. ವಾಸ್ತವದಲ್ಲಿ ತೋಟಗಳ ಮುಕ್ಕಾಲು ಪಾಲಿನಷ್ಟನ್ನು ಗ್ರೆನಾಶ್ ಎಂಬ ಒಂದೇ ತಳಿ ಆವರಿಸಿಕೊಂಡಿದೆ. ಮಿಕ್ಕ ಹನ್ನೆರಡು ಉಳಿದ ಕಾಲುಭಾಗವನ್ನು ಹಂಚಿಕೊಂಡಿವೆ. ಹೀಗಿದ್ದೂ ಆ ಪಟ್ಟಿ ಬರೀ ಅಲಂಕಾರವಲ್ಲ. ಅದು ಹೇಗೆ ಹುಟ್ಟಿತು, ಏಕೆ ಉಳಿಯಿತು ಎಂದು ನೋಡಿದರೆ ಈ ವೈನಿನ ಚರಿತ್ರೆಯ ಬಹುಭಾಗ ತಿಳಿದಂತೆ.

ಪೋಪರ ಕಾಲ

1309ರಲ್ಲಿ ಐದನೆಯ ಕ್ಲೆಮೆಂಟ್ ಪೋಪ್ ರೋಮಿಗೆ ಹೋಗದೆ ಅವಿನ್ಯೋನಿನಲ್ಲೇ ಬಿಡಾರ ಹೂಡಿದರು. ಅದಕ್ಕೆ ಮೊದಲು ಅವರು ಬೋರ್ಡೋ ನಗರದ ಆರ್ಚ್‌ಬಿಷಪ್ ಆಗಿದ್ದವರು. ಅಲ್ಲಿ ಅವರ ಹೆಸರಿನ ದ್ರಾಕ್ಷಿತೋಟ ಈಗಲೂ ಇದೆ. 1377ರವರೆಗೆ ಏಳು ಮಂದಿ ಪೋಪರು ಅವಿನ್ಯೋನಿನಿಂದಲೇ ಕ್ರೈಸ್ತ ಜಗತ್ತನ್ನು ಆಳಿದರು. ಪೋಪರ ಆಸ್ಥಾನವೆಂದರೆ ಊಟೋಪಚಾರ, ಊಟೋಪಚಾರವೆಂದರೆ ವೈನ್. ಹೀಗಾಗಿ ಸುತ್ತಲಿನ ತೋಟಗಳಿಗೆ ಒಳ್ಳೆಯ ಕಾಲ ಬಂತು. ಎರಡನೆಯವರಾದ ಇಪ್ಪತ್ತೆರಡನೆಯ ಜಾನ್ ಅವಿನ್ಯೋನಿಗೆ ಉತ್ತರದ ಈ ಗುಡ್ಡದ ಮೇಲೆ ಬೇಸಿಗೆಯ ಕೋಟೆಮನೆಯೊಂದನ್ನು ಕಟ್ಟಿಸಿದರು. ಕೆಲಸ 1317ರಲ್ಲಿ ಶುರುವಾಗಿ 1333ರ ಹೊತ್ತಿಗೆ ಮುಗಿಯಿತು.

ಆ ಕೋಟೆ ಸುಖವಾಗಿ ಬಾಳಲಿಲ್ಲ. 16ನೆಯ ಶತಮಾನದ ಧರ್ಮಯುದ್ಧಗಳಲ್ಲಿ ಸುಟ್ಟಿತು. ಆಮೇಲೆ ಊರವರು ಅದರ ಕಲ್ಲುಗಳನ್ನು ತಮ್ಮ ಮನೆಗಳಿಗೆ ಒಯ್ದರು. 1944ರ ಆಗಸ್ಟಿನಲ್ಲಿ ಹಿಮ್ಮೆಟ್ಟುತ್ತಿದ್ದ ಜರ್ಮನ್ ಸೈನ್ಯ ಮುಖ್ಯ ಬುರುಜನ್ನು ಸ್ಫೋಟಿಸಿತು. ಬುರುಜಿನ ಅರ್ಧ ಉರುಳಿತು, ಅರ್ಧ ನಿಂತಿತು. ಇಂದು ಪ್ರವಾಸಿಗರು ಫೋಟೊ ತೆಗೆಯುವುದು ಆ ನಿಂತ ಅರ್ಧವನ್ನೇ.

ಪೋಪರು ಕುಡಿದದ್ದು ಈಗಿನ ವೈನನ್ನೇ ಎಂದು ಜಾಹೀರಾತುಗಳು ಸೂಚಿಸುತ್ತವೆ. ಅದನ್ನು ನಂಬಬೇಕಾಗಿಲ್ಲ. ಈಗ ಇಲ್ಲಿ ರಾಜನಾಗಿರುವ ಗ್ರೆನಾಶ್ ಸ್ಪೇನಿನ ಮೂಲದ್ದು, ಇಷ್ಟು ವ್ಯಾಪಕವಾದದ್ದು ಬಹಳ ಈಚೆಗೆ. ಊರಿನ ಹೆಸರೂ ಹಳೆಯದೇನಲ್ಲ. ಸುಣ್ಣದ ಭಟ್ಟಿಗಳಿಂದಾಗಿ ಇದನ್ನು ಶಾತೊನಫ್-ಕಾಲ್ಸೆರ್ನಿಯೆ ಎಂದು ಕರೆಯುತ್ತಿದ್ದರು. ಅದನ್ನು ಅಧಿಕೃತವಾಗಿ ಬದಲಿಸಿ ಪೋಪರ ಹೆಸರು ಸೇರಿಸಿದ್ದು 1893ರಲ್ಲಿ. ಸುಣ್ಣದ ಹೆಸರಿಗಿಂತ ಪೋಪರ ಹೆಸರು ಮಾರಾಟಕ್ಕೆ ಒದಗುತ್ತದೆಂದು ಊರಿಗೆ ಆಗಲೇ ಗೊತ್ತಿತ್ತು.

ಕೀಟ, ಕಳ್ಳವ್ಯಾಪಾರ, ಕಾನೂನು

1860ರ ದಶಕದಲ್ಲಿ ನದಿಯಾಚೆ, ರೋಕ್ಮೋರ್ ಸುತ್ತಲಿನ ತೋಟಗಳಲ್ಲಿ ಬಳ್ಳಿಗಳು ಕಾರಣ ತಿಳಿಯದೆ ಒಣಗತೊಡಗಿದವು. ರೋಗ ಒಂದು ತೋಟದಿಂದ ಇನ್ನೊಂದಕ್ಕೆ ಎಣ್ಣೆಯ ಕಲೆಯಂತೆ ಹರಡಿತು. 1868ರಲ್ಲಿ ಮೋಂಪೆಲಿಯೆಯ ಸಸ್ಯವಿಜ್ಞಾನಿ ಜೂಲ್ ಎಮಿಲ್ ಪ್ಲಾನ್ಶೋನ್ ಮತ್ತು ಸಂಗಡಿಗರು ಸಾಯುತ್ತಿರುವ ಬಳ್ಳಿಗಳ ಬೇರು ಅಗೆದು ನೋಡಿದಾಗ ಹೇನಿನಂಥ ಹಳದಿ ಕೀಟಗಳು ಕಂಡವು. ಅಮೆರಿಕದಿಂದ ತರಿಸಿದ ಸಸಿಗಳ ಜೊತೆ ಬಂದ ಆ ಫೈಲೋಕ್ಸೆರಾ ಕೀಟ ಮುಂದೆ ಫ್ರಾನ್ಸಿನ ಬಹುಪಾಲು ತೋಟಗಳನ್ನು ಹಾಳುಗೆಡವಿತು. ಶಾತೊನಫ್ ಅದರ ಮೊದಲ ಬಲಿಗಳಲ್ಲಿ ಒಂದು. ಅಮೆರಿಕದ ಬಳ್ಳಿಯ ಬೇರಿಗೆ ಆ ಕೀಟವನ್ನು ತಾಳಿಕೊಳ್ಳುವ ಶಕ್ತಿಯಿತ್ತು. ಅದರ ಮೇಲೆ ಫ್ರೆಂಚ್ ತಳಿಯ ಕಡ್ಡಿ ಕಸಿ ಮಾಡುವುದೇ ಕಡೆಗೆ ಉಳಿದ ದಾರಿಯಾಯಿತು.

ಎಲ್ಲರೂ ಹೊಸದಾಗಿ ನೆಡಬೇಕಾಗಿ ಬಂದಾಗ ಏನನ್ನು ನೆಡಬೇಕು ಎಂಬ ಪ್ರಶ್ನೆ ಎದ್ದಿತು. ಇಲ್ಲಿನ ಹಳೆಯ ತೋಟಗಳಲ್ಲಿ ಒಂದಾದ ಲಾ ನೆರ್ತ್‌ನ ಒಡೆಯ, ಕಮಾಂಡೆಂಟ್ ಜೋಸೆಫ್ ದ್ಯುಕೋ, ಹತ್ತು ತಳಿಗಳನ್ನು ಆರಿಸಿ ಅವುಗಳನ್ನು ಗುಣಕ್ಕೆ ತಕ್ಕಂತೆ ನಾಲ್ಕು ಗುಂಪು ಮಾಡಿದರು. ಬಿಸಿ ಮತ್ತು ಮಾಧುರ್ಯಕ್ಕೆ ಗ್ರೆನಾಶ್ ಮತ್ತು ಸೆನ್ಸೋ, ಐದನೆಯ ಒಂದು ಪಾಲು. ಗಟ್ಟಿತನ, ಬಣ್ಣ, ಬಾಳಿಕೆಗೆ ಮುರ್ವೆದ್ರ, ಸಿರಾ, ಮುಸ್ಕಾರ್ಡಾನ್, ವಕ್ಕರೆಜ್, ನೂರಕ್ಕೆ ನಲವತ್ತು. ತಾಜಾತನಕ್ಕೂ ಪರಿಮಳಕ್ಕೂ ಕುನ್ವಾಜ್ ಮತ್ತು ಪಿಕ್‌ಪೂಲ್, ನೂರಕ್ಕೆ ಮೂವತ್ತು. ನಯಕ್ಕೂ ಹೊಳಪಿಗೂ ಕ್ಲೆರೆತ್ ಮತ್ತು ಬೂರ್ಬುಲಾಂಕ್ ಎಂಬ ಬಿಳಿ ದ್ರಾಕ್ಷಿಗಳು, ಹತ್ತು. ಆಯುರ್ವೇದದ ಹಳೆಯ ಪಂಡಿತರು ಕಷಾಯಕ್ಕೆ ಬೇರು-ನಾರು ತೂಗಿ ಹಾಕುವ ಕ್ರಮವೇ ಇದರಲ್ಲೂ ಕಾಣುತ್ತದೆ. ದ್ಯುಕೋ ಅವರ ಲೆಕ್ಕದಲ್ಲಿ ಗ್ರೆನಾಶಿನ ಗುಂಪಿಗೆ ಸಿಕ್ಕದ್ದು ಐದನೆಯ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಬೇಕು. ಮುಂದಿನ ಪೀಳಿಗೆಯವರು ಆ ತೂಕವನ್ನು ಕೈಬಿಟ್ಟರು, ಪಟ್ಟಿಯನ್ನು ಮಾತ್ರ ಉಳಿಸಿಕೊಂಡು ಹದಿಮೂರಕ್ಕೆ ಬೆಳೆಸಿದರು.

ಇನ್ನೊಂದು ಕಾಟ ವ್ಯಾಪಾರಿಗಳದ್ದು. ಶಾತೊನಫ್‌ನ ಬಲವಾದ ವೈನನ್ನು ಪೀಪಾಯಿಗಟ್ಟಲೆ ಕೊಂಡು ಬರ್ಗಂಡಿಯ ತೆಳು ವೈನುಗಳಿಗೆ ಬೆರೆಸುವುದು 19ನೆಯ ಶತಮಾನದಲ್ಲಿ ಗುಟ್ಟೇನೂ ಆಗಿರಲಿಲ್ಲ. ಇದಕ್ಕೆ 'ಔಷಧಿ ವೈನ್' ಎಂಬ ಅಡ್ಡಹೆಸರೇ ಇತ್ತು. ಹಾಗೆಯೇ ಎಲ್ಲೆಲ್ಲಿಯದೋ ವೈನಿಗೆ ಶಾತೊನಫ್ ಹೆಸರು ಅಂಟಿಸಿ ಮಾರುವವರೂ ಇದ್ದರು. ಮೊದಲ ಮಹಾಯುದ್ಧದ ಬಳಿಕ ಇದು ಮಿತಿಮೀರಿತು.

1923ರಲ್ಲಿ ಊರಿನ ಬೆಳೆಗಾರರು ಪಿಯೆರ್ ಲ ರುವಾ ದ ಬ್ವಾಸೋಮಾರಿಯೆ ಎಂಬ ಬ್ಯಾರನ್ ಬಳಿಗೆ ಹೋದರು. ಆಗ ಅವರಿಗೆ 33 ವರ್ಷ. ಕಾನೂನು ಓದಿದ್ದರು, ಯುದ್ಧದಲ್ಲಿ ವಿಮಾನ ಹಾರಿಸಿದ್ದರು, ಮದುವೆಯ ಸಂಬಂಧದಿಂದ ಶಾತೊ ಫೋರ್ತಿಯಾ ತೋಟ ನೋಡಿಕೊಳ್ಳುತ್ತಿದ್ದರು. ಕಳ್ಳರ ಮೇಲೆ ದಾವೆ ಹೂಡಿ ಎಂಬುದು ಬೆಳೆಗಾರರ ಬೇಡಿಕೆ. ಮೊದಲು ನೀವೇ ಒಂದು ಶಿಸ್ತಿಗೆ ಒಳಪಡಬೇಕು ಎಂಬುದು ಬ್ಯಾರನ್ ಹಾಕಿದ ಷರತ್ತು. ಅದರಿಂದ ಹುಟ್ಟಿದ ನಿಯಮಗಳು ಇವು: ಲ್ಯಾವೆಂಡರ್ ಮತ್ತು ಥೈಮ್ ಗಿಡಗಳು ಒಟ್ಟಿಗೆ ಬೆಳೆಯುವಷ್ಟು ಬಡಕಲು, ಒಣ ಭೂಮಿಗೆ ಮಾತ್ರ ಈ ಹೆಸರು, ಗೊತ್ತುಪಡಿಸಿದ ತಳಿಗಳಷ್ಟೇ, ಸಕ್ಕರೆ ಸೇರಿಸದೆ, ಹಣ್ಣಿನ ಸಿಹಿಯಿಂದಲೇ ಕನಿಷ್ಠ ಶೇ. 12.5 ಮದ್ಯಸಾರ ಬರಬೇಕು, ಕೊಯ್ದ ಹಣ್ಣಿನಲ್ಲಿ ಕೊಳೆತದ್ದು, ಬಲಿಯದ್ದು ಆರಿಸಿ ತೆಗೆದುಹಾಕಬೇಕು, ರೋಸೆ ಮಾಡಕೂಡದು. ಫಲವತ್ತಾದ ಹೊಲವಿದ್ದವನಿಗೆ ಹಕ್ಕಿಲ್ಲ, ಬರಡು ಗುಡ್ಡವಿದ್ದವನಿಗೆ ಹಕ್ಕಿದೆ ಎಂಬ ಈ ತಲೆಕೆಳಗಾದ ನ್ಯಾಯ ಎಲ್ಲರಿಗೂ ರುಚಿಸಲಿಲ್ಲ. ಹತ್ತು ವರ್ಷ ಮೊಕದ್ದಮೆ ನಡೆದು 1933ರಲ್ಲಿ ಫ್ರಾನ್ಸಿನ ಉನ್ನತ ನ್ಯಾಯಾಲಯದಲ್ಲಿ ಬೆಳೆಗಾರರು ಗೆದ್ದರು.

ಒಂದು ಊರಿನವರು ತಮಗೆ ತಾವೇ ಬರೆದುಕೊಂಡ ಈ ಕಟ್ಟುಪಾಡು ದೇಶಕ್ಕೇ ಮಾದರಿಯಾಯಿತು. 1935ರಲ್ಲಿ ಫ್ರಾನ್ಸು 'ನಿಯಂತ್ರಿತ ಮೂಲನಾಮ' ಅಂದರೆ ಎಒಸಿ ವ್ಯವಸ್ಥೆಯನ್ನು ಕಾನೂನಾಗಿಸಿತು. 1936ರ ಮೇ 15ರಂದು ಹೊರಬಂದ ಮೊದಲ ಆದೇಶಗಳ ತಂಡದಲ್ಲಿ ಶಾತೊನಫ್-ದ್ಯು-ಪಾಪ್ ಇತ್ತು. ಆ ವ್ಯವಸ್ಥೆಯನ್ನು ನಡೆಸುವ ರಾಷ್ಟ್ರೀಯ ಸಂಸ್ಥೆಗೆ ಬ್ಯಾರನ್ ಲ ರುವಾ 1947ರಿಂದ 1967ರಲ್ಲಿ ತೀರಿಕೊಳ್ಳುವವರೆಗೆ ಅಧ್ಯಕ್ಷರಾಗಿದ್ದರು. ಮೈಸೂರು ವೀಳ್ಯದೆಲೆಗೆ, ನಂಜನಗೂಡು ರಸಬಾಳೆಗೆ, ಬೆಂಗಳೂರು ನೀಲಿ ದ್ರಾಕ್ಷಿಗೆ ಇಂದು ಭೌಗೋಳಿಕ ಸೂಚಿಕೆಯ ರಕ್ಷಣೆ ಇದೆಯಲ್ಲ, ಆ ವಿಚಾರದ ಹಿರಿಯ ಬೇರುಗಳಲ್ಲಿ ಒಂದು ಈ ಗುಡ್ಡದ ಮೇಲಿದೆ. 1937ರಲ್ಲಿ ಇಲ್ಲಿನ ಬೆಳೆಗಾರರು ಪೋಪರ ಕಿರೀಟ ಮತ್ತು ಸಂತ ಪೀಟರನ ಬೀಗದಕೈಗಳ ಉಬ್ಬುಚಿತ್ರವಿರುವ ಬಾಟಲಿಯನ್ನು ರೂಪಿಸಿದರು. ಲೇಬಲ್ ಹರಿದುಹೋದರೂ ಕೈಯಿಂದ ಮುಟ್ಟಿ ಗುರುತಿಸಬಹುದು. ಎಲ್ಲ ಉತ್ಪಾದಕರೂ ಅದನ್ನು ಬಳಸುವುದಿಲ್ಲ.

ಊರಿನ ಕಾನೂನು ಪ್ರೀತಿಗೆ ಇನ್ನೊಂದು ಸಾಕ್ಷಿ ಉಂಟು. 1954ರ ಶರತ್ಕಾಲದಲ್ಲಿ ಫ್ರಾನ್ಸಿನಾದ್ಯಂತ ಹಾರುವ ತಟ್ಟೆಗಳನ್ನು ಕಂಡೆವೆಂಬ ಸುದ್ದಿ ಹಬ್ಬಿದಾಗ, ಮೇಯರ್ ಲುಸಿಯೆನ್ ಜನ್ ಒಂದು ಆಜ್ಞೆ ಹೊರಡಿಸಿದರು. ಯಾವ ದೇಶದ್ದೇ ಆಗಲಿ, ಹಾರುವ ತಟ್ಟೆಯಾಗಲಿ ಹಾರುವ ಸಿಗಾರ್ ಆಗಲಿ ಈ ಊರಿನ ಮೇಲೆ ಹಾರಕೂಡದು, ಇಳಿಯಕೂಡದು, ಏರಕೂಡದು, ಇಳಿದರೆ ಜಪ್ತಿ. ಪ್ರಚಾರದ ಚತುರ ತಂತ್ರವಿದು, ಮತ್ತು ಫಲಿಸಿತು. ಆಜ್ಞೆ ಇಂದಿಗೂ ರದ್ದಾಗಿಲ್ಲ.

ನೆಲ ಮತ್ತು ಗಾಳಿ

ಈ ಪ್ರದೇಶದ ಚಿತ್ರವೆಂದರೆ ಕಲ್ಲು. ತೆಂಗಿನಕಾಯಿಯಷ್ಟು ದಪ್ಪದ, ನುಣುಪಾದ, ಕಂದು-ಕೆಂಪು ಬಣ್ಣದ ಉರುಟು ಕಲ್ಲುಗಳು ಮಣ್ಣೇ ಕಾಣದಂತೆ ಹರಡಿರುತ್ತವೆ. ಅವುಗಳ ನಡುವೆ ಮೊಣಕಾಲೆತ್ತರದ ಮೊಂಡು ಕಾಂಡಗಳು. ಚಪ್ಪರವಿಲ್ಲ, ತಂತಿಯಿಲ್ಲ, ಊರುಗೋಲೂ ಇಲ್ಲ. ಪ್ರತಿ ಚಳಿಗಾಲ ಚಾಟ್ನಿ, ಅಂದರೆ ಕೊಂಬೆ ಸವರಿಕೆ, ಮಾಡುತ್ತ ಮಾಡುತ್ತ ಕಾಂಡ ಗಂಟುಗಂಟಾಗಿ, ಮೇಲೆ ನಾಲ್ಕೈದು ಕುಡಿ ಬಿಟ್ಟು, ಬಟ್ಟಲಿನಾಕಾರದ ಪೊದೆಯಾಗಿ ನಿಲ್ಲುತ್ತದೆ. ವಿಜಯಪುರದ ದ್ರಾಕ್ಷಿ ಬೆಳೆಗಾರರು ಇದನ್ನು ನೋಡಿದರೆ ಇದು ತೋಟವೆಂದು ಒಪ್ಪುವುದು ಕಷ್ಟ.

ಆ ಕಲ್ಲುಗಳು ಆಲ್ಪ್ಸ್ ಕಡೆಯಿಂದ ರೋನ್ ನದಿ ಲಕ್ಷಾಂತರ ವರ್ಷ ಉರುಳಿಸಿ ತಂದ ಕ್ವಾರ್ಟ್‌ಜೈಟ್. ಹಗಲಿನ ಬಿಸಿಲು ಹೀರಿ ರಾತ್ರಿ ಬಳ್ಳಿಗೆ ಕೊಡುತ್ತವೆ ಎಂಬ ವಿವರಣೆ ಪ್ರತಿ ಪುಸ್ತಕದಲ್ಲೂ ಸಿಗುತ್ತದೆ. ವರ್ಷಕ್ಕೆ ಸುಮಾರು 2,800 ಗಂಟೆ ಬಿಸಿಲು ಬೀಳುವ ಜಾಗದಲ್ಲಿ ಇನ್ನಷ್ಟು ಬಿಸಿ ವರವೇ ಎಂಬುದು ಬೇರೆ ಪ್ರಶ್ನೆ. ಕಲ್ಲಿನ ಹೊದಿಕೆ ಕೆಳಗಿನ ಜೇಡಿಮಣ್ಣಿನ ತೇವ ಆರದಂತೆ ಕಾಪಾಡುತ್ತದೆ. ಒಣ ಬೇಸಿಗೆಯಲ್ಲಿ ಅದರ ಬೆಲೆ ಹೆಚ್ಚು. ಎಲ್ಲ ತೋಟಗಳಲ್ಲೂ ಈ ಕಲ್ಲುಗಳಿಲ್ಲ. ಪೂರ್ವದ ಲಾ ಕ್ರೋ ಪ್ರಸ್ಥಭೂಮಿಯಲ್ಲಿ, ಹಳೆಯ ಟೆಲಿಗ್ರಾಫ್ ಗೋಪುರದ ಹೆಸರು ಹೊತ್ತ ವಿಯೂ ತೆಲೆಗ್ರಾಫ್ ತೋಟದಲ್ಲಿ ಅವು ದಟ್ಟವಾಗಿವೆ. ಬೇರೆಡೆ ಸುಣ್ಣಕಲ್ಲು, ಕೆಂಪು ಮಣ್ಣು, ಮರಳು. ಇಲ್ಲಿನ ಅತಿ ದುಬಾರಿ ವೈನ್ ಬರುವ ಶಾತೊ ರಯಾಸ್ ತೋಟದಲ್ಲಿ ಉರುಟು ಕಲ್ಲುಗಳ ಸುಳಿವಿಲ್ಲ. ಅಲ್ಲಿರುವುದು ಸಡಿಲ ಮರಳು, ಸುತ್ತ ಕಾಡಿನ ನೆರಳು. ಅಲ್ಲಿನ ಕೆಂಪು ವೈನಿನ ಬಣ್ಣ ತಿಳಿ, ಪರಿಮಳ ನವಿರು. ಕಲ್ಲೇ ಶಾತೊನಫ್ ಎಂಬ ನಂಬಿಕೆಗೆ ರಯಾಸ್ ಒಂದೇ ಸಾಕು ಉತ್ತರವಾಗಿ.

ಗಾಳಿಯ ಹೆಸರು ಮಿಸ್ತ್ರಾಲ್. ಉತ್ತರದಿಂದ ರೋನ್ ಕಣಿವೆಯುದ್ದಕ್ಕೂ ನುಗ್ಗಿ ಬರುವ ಈ ಒಣ ಚಳಿಗಾಳಿ ಗಂಟೆಗೆ ನೂರು ಕಿಲೋಮೀಟರ್ ಮುಟ್ಟುವುದುಂಟು. ಎಳೆಯ ಚಿಗುರನ್ನು ಮುರಿಯುತ್ತದೆ, ಜನರ ತಲೆ ಕೆಡಿಸುತ್ತದೆ. ಆದರೆ ಮಳೆ ಬಂದ ಮಾರನೆಯ ದಿನ ಗೊಂಚಲುಗಳನ್ನು ಒಣಗಿಸಿ ಬೂಜು ಹಿಡಿಯದಂತೆ ನೋಡಿಕೊಳ್ಳುವುದೂ ಇದೇ. ಇಲ್ಲಿ ಹಲವರು ರಾಸಾಯನಿಕವಿಲ್ಲದೆ ಬೇಸಾಯ ಮಾಡಲು ಸಾಧ್ಯವಾಗಿರುವುದಕ್ಕೆ ಮಿಸ್ತ್ರಾಲಿನ ಪಾಲು ದೊಡ್ಡದು. ಗ್ರೆನಾಶಿನ ಕಾಂಡ ಗಟ್ಟಿ, ನೆಟ್ಟಗೆ ಬೆಳೆಯುವ ಸ್ವಭಾವ. ಆಸರೆಯಿಲ್ಲದ ಪೊದೆಯಾಗಿ ಈ ಗಾಳಿಯನ್ನು ತಡೆದುಕೊಳ್ಳುತ್ತದೆ. ಸಿರಾ ತಡೆಯದು, ಅದಕ್ಕೆ ತಂತಿ ಬೇಕು.

ಇಳುವರಿಯ ಮಿತಿ ಹೆಕ್ಟೇರಿಗೆ 3,500 ಲೀಟರ್. ಎಕರೆಯ ಲೆಕ್ಕದಲ್ಲಿ ಸುಮಾರು 1,900 ಬಾಟಲಿ. ಫ್ರಾನ್ಸಿನಲ್ಲೇ ಇದು ಬಹಳ ಕಡಿಮೆ. ಯಂತ್ರದಿಂದ ಕೊಯ್ಯುವಂತಿಲ್ಲ, ಎಲ್ಲವೂ ಕೈಕೊಯ್ಲು.

ತಳಿಗಳು

ಗ್ರೆನಾಶಿನ ಸಿಪ್ಪೆ ತೆಳು, ಬಣ್ಣ ಕಡಿಮೆ, ಒಗರು ಮಿತ, ಸಿಹಿ ವಿಪರೀತ. ತಡವಾಗಿ ಬಲಿಯುತ್ತದೆ, ಬರಕ್ಕೆ ಅಂಜುವುದಿಲ್ಲ. ಹದವಾಗಿ ಬಲಿತಾಗ ಸ್ಟ್ರಾಬೆರಿ, ಬೇಯಿಸಿದ ಚೆರ್ರಿ, ಬಿಳಿ ಮೆಣಸು, ಒಣಗಿದ ಗಿಡಮೂಲಿಕೆಗಳ ವಾಸನೆ ಕೊಡುತ್ತದೆ. ಇದಕ್ಕೆ ಎರಡು ದೌರ್ಬಲ್ಯಗಳಿವೆ. ಹೂ ಬಿಡುವ ಕಾಲದಲ್ಲಿ ಮಳೆ-ಚಳಿ ಬಿದ್ದರೆ ಕಾಯಿ ಕಟ್ಟದೆ ಹೂವು ಉದುರಿ ಬೆಳೆ ಅರ್ಧಕ್ಕಿಳಿಯುತ್ತದೆ. ಗಾಳಿ ತಗುಲಿದರೆ ಇದರ ವೈನ್ ಬೇಗ ಕಂದಿ ಹಳತಾಗುತ್ತದೆ. ಮಿಶ್ರಣದ ಅಗತ್ಯ ಹುಟ್ಟುವುದು ಇಲ್ಲಿ.

ಮುರ್ವೆದ್ರ ಇದಕ್ಕೆ ತದ್ವಿರುದ್ಧ. ದಪ್ಪ ಸಿಪ್ಪೆ, ಕಡು ಬಣ್ಣ, ಗಡುಸು ಒಗರು, ಚರ್ಮ ಮತ್ತು ಕಾಡುಮಾಂಸವನ್ನು ನೆನಪಿಸುವ ವಾಸನೆ. ಗಾಳಿ ತಗುಲಿ ಕಂದುವುದನ್ನು ತಡೆಯುವ ಶಕ್ತಿ ಅದಕ್ಕಿದೆ. ಗ್ರೆನಾಶಿನ ಜೊತೆ ಸೇರಿದಾಗ ವೈನಿನ ಆಯುಸ್ಸು ಹೆಚ್ಚುತ್ತದೆ. ಅದರ ತಲೆಗೆ ಬಿಸಿಲು ಬೇಕು, ಕಾಲಿಗೆ ನೀರು ಬೇಕು ಎಂಬುದು ಬೆಳೆಗಾರರ ಮಾತು. ಎರಡೂ ಒಟ್ಟಿಗೆ ಸಿಗುವ ಜಾಗ ಅಪರೂಪ, ಆದ್ದರಿಂದ ಮುರ್ವೆದ್ರ ತೋಟಗಳೂ ಕಡಿಮೆ. ಸಿರಾ ಬಣ್ಣಕ್ಕೂ ಮೆಣಸಿನ ಘಾಟಿಗೂ ಬರುತ್ತದೆ. ಅದರ ತವರು ಉತ್ತರ ರೋನ್. 1998ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ದುರೇಜಾ ಮತ್ತು ಮೊಂದ್ಯೂಜ್ ಬ್ಲಾಂಶ್ ಎಂಬ ಫ್ರೆಂಚ್ ತಳಿಗಳೇ ಅದರ ತಂದೆ-ತಾಯಿ ಎಂದು ಖಚಿತವಾಗಿ, ಪರ್ಷಿಯಾದ ಶಿರಾಜ್ ನಗರದಿಂದ ಬಂತೆಂಬ ಕಥೆ ಬಿದ್ದುಹೋಯಿತು. ಶಾತೊನಫ್‌ನ ಬೇಗೆಯಲ್ಲಿ ಸಿರಾ ಬೇಗ ಹಣ್ಣಾಗಿ ತನ್ನ ಬಿಗಿ ಕಳೆದುಕೊಳ್ಳುತ್ತದೆ. 1970ರ ದಶಕದ ನಂತರ ಉತ್ಸಾಹದಿಂದ ನೆಟ್ಟವರಲ್ಲಿ ಕೆಲವರಿಗೆ ಈಗ ಆ ಉತ್ಸಾಹ ಉಳಿದಿಲ್ಲ.

ಸೆನ್ಸೋ ರಸಭರಿತ, ಮೃದು. ದಕ್ಷಿಣ ಆಫ್ರಿಕದಲ್ಲಿ 1925ರಲ್ಲಿ ಪಿನೋ ನ್ವಾರ್ ಜೊತೆ ಇದನ್ನು ಕೂಡಿಸಿ ಪಿನೊಟಾಜ್ ಎಂಬ ಹೊಸ ತಳಿ ಮಾಡಿದರು. ಕುನ್ವಾಜ್ ಹುಳಿ ಮತ್ತು ಮೆಣಸಿನ ಖಾರ ತರುತ್ತದೆ. ವಕ್ಕರೆಜ್, ಮುಸ್ಕಾರ್ಡಾನ್, ತೆರ್ರೆ ನ್ವಾರ್ ಇವುಗಳನ್ನು ಈ ಪ್ರದೇಶದ ಹೊರಗೆ ಹೆಚ್ಚಿನವರು ಕಂಡೇ ಇಲ್ಲ. ಇವಲ್ಲದೆ ಕ್ಲೆರೆತ್, ಬೂರ್ಬುಲಾಂಕ್, ರೂಸಾನ್, ಪಿಕ್‌ಪೂಲ್, ಪಿಕಾರ್ಡಾನ್. ಇವುಗಳಲ್ಲಿ ಪಿಕ್‌ಪೂಲ್ ಕಪ್ಪು, ಬೂದು, ಬಿಳಿ ಮೂರು ಬಣ್ಣದಲ್ಲೂ ಬರುತ್ತದೆ, ಮಿಕ್ಕವು ಬಿಳಿ ದ್ರಾಕ್ಷಿಗಳು. ಬಿಳಿ ವೈನಿನ ಜೀವಾಳ ಇವೇ, ಕೆಂಪಿನಲ್ಲಿ ಬೆರೆಸುವುದಕ್ಕೂ ಅನುಮತಿ ಇದೆ. 2009ರ ನಿಯಮಾವಳಿ ಒಂದೇ ತಳಿಯ ಬೇರೆ ಬೇರೆ ಬಣ್ಣಗಳನ್ನು ಬೇರೆಯಾಗಿ ಎಣಿಸಿದ್ದರಿಂದ ಪಟ್ಟಿ ಹದಿನೆಂಟಕ್ಕೇರಿತು. ಆದರೂ ಎಲ್ಲರ ಬಾಯಲ್ಲಿ ಹದಿಮೂರೇ ಉಳಿದಿದೆ.

ಹದಿಮೂರನ್ನೂ ಬೆಳೆದು ಬಳಸುವವರಲ್ಲಿ ಪ್ರಸಿದ್ಧರು ಶಾತೊ ದ ಬೋಕಾಸ್ತೆಲ್ ತೋಟದ ಪೆರಾನ್ ಮನೆತನದವರು. ಅವರ ಕೆಂಪು ವೈನಿನಲ್ಲಿ ಮುರ್ವೆದ್ರಕ್ಕೆ ಗ್ರೆನಾಶಿನಷ್ಟೇ ಮರ್ಯಾದೆ. ರಯಾಸ್ ಇದರ ಎದುರು ತುದಿ, ಅಲ್ಲಿ ಗ್ರೆನಾಶ್ ಒಂದೇ. ಎರಡೂ ಒಂದೇ ಹೆಸರಿನ, ಒಂದೇ ಕಾನೂನಿನ ವೈನುಗಳು. ಪಕ್ಕಪಕ್ಕ ಇಟ್ಟು ಕುಡಿದವರಿಗೆ ಸಂಬಂಧಿಕರೆಂದೂ ಅನಿಸದು.

ತಯಾರಿಕೆ ಮತ್ತು ರುಚಿ

ಕೊಯ್ಲು ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ. ಕೆಲವರು ಪ್ರತಿ ತಳಿಯನ್ನು ಬೇರೆ ಬೇರೆ ಹುದುಗಿಸಿ ಚಳಿಗಾಲದಲ್ಲಿ ರುಚಿ ನೋಡುತ್ತ ಬೆರೆಸುತ್ತಾರೆ. ಕೆಲವರು ಹಳೆಯ ಕಾಲದಂತೆ ತೋಟದಲ್ಲಿ ಇದ್ದದ್ದನ್ನೆಲ್ಲ ಒಟ್ಟಿಗೆ ಕೊಯ್ದು ಒಂದೇ ತೊಟ್ಟಿಗೆ ಹಾಕುತ್ತಾರೆ. ಗ್ರೆನಾಶ್ ಗಾಳಿಗೆ ಕಂದುವ ಜಾತಿಯಾದ್ದರಿಂದ ಸಿಮೆಂಟ್ ತೊಟ್ಟಿ ಮತ್ತು ಆಳೆತ್ತರದ ಹಳೆಯ ಓಕ್ ಪೀಪಾಯಿಗಳು ಇಲ್ಲಿ ಹೆಚ್ಚು. ಹೊಸ ಸಣ್ಣ ಪೀಪಾಯಿಯ ವೆನಿಲ್ಲಾ ವಾಸನೆ ಈ ವೈನಿಗೆ ಒಪ್ಪುವುದಿಲ್ಲ. 1990ರ ದಶಕದಲ್ಲಿ ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಅವರ ಹೆಚ್ಚಿನ ಅಂಕಗಳ ಬೆನ್ನು ಹತ್ತಿ ಅದನ್ನು ಪ್ರಯೋಗಿಸಿದವರಿದ್ದಾರೆ. ಪಾರ್ಕರ್ ಈ ಪ್ರದೇಶಕ್ಕೆ ಹಣ ಮತ್ತು ಹೆಸರು ತಂದರು ಎಂಬುದರಲ್ಲಿ ಅನುಮಾನವಿಲ್ಲ. ದಪ್ಪ, ಜಾಮಿನಂಥ, ತಲೆಗೇರುವ ವೈನುಗಳ ಚಾಳಿ ಹಿಡಿಸಿದ್ದೂ ಆ ಕಾಲವೇ.

ಒಳ್ಳೆಯ ಶಾತೊನಫ್ ಎಳೆಯದಿದ್ದಾಗ ಹಣ್ಣು, ಮೆಣಸು, ಥೈಮ್, ಲೈಕೊರೈಸ್ ಅಂದರೆ ಜೇಷ್ಠಮಧುವಿನ ವಾಸನೆ ಬೀರುತ್ತದೆ. ಮಾಗಿದಾಗ ಒಣ ಅಂಜೂರ, ಚರ್ಮ, ಕಾಡಿನ ನೆಲದ ಕಡೆಗೆ ತಿರುಗುತ್ತದೆ. ಬಾಯಲ್ಲಿ ಒಗರಿಗಿಂತ ಬೆಚ್ಚನೆಯ ದುಂಡುತನ ಮುಂದಿರುತ್ತದೆ. ಹತ್ತರಿಂದ ಇಪ್ಪತ್ತು ವರ್ಷ ಸುಲಭವಾಗಿ ಬಾಳುತ್ತದೆ.

ಹೊರದೇಶಗಳಲ್ಲಿ

ಗ್ರೆನಾಶ್, ಸಿರಾ, ಮುರ್ವೆದ್ರ ಮೂರರ ಮಿಶ್ರಣ ಇಂದು ಜಿಎಸ್‌ಎಂ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯದ ಬರೋಸಾ ಮತ್ತು ಮ್ಯಾಕ್‌ಲಾರೆನ್ ವೇಲ್ ಪ್ರದೇಶಗಳಲ್ಲಿ ನೆಲೆಯೂರಿದೆ. ಬರೋಸಾಕ್ಕೆ ಫೈಲೋಕ್ಸೆರಾ ಕಾಲಿಡಲಿಲ್ಲವಾದ್ದರಿಂದ 19ನೆಯ ಶತಮಾನದ ಗ್ರೆನಾಶ್ ಬಳ್ಳಿಗಳು ತಮ್ಮದೇ ಬೇರಿನ ಮೇಲೆ ಇನ್ನೂ ಕಾಯಿಬಿಡುತ್ತಿವೆ. ಅಷ್ಟು ಹಳೆಯ ಬಳ್ಳಿ ಶಾತೊನಫ್‌ನಲ್ಲೇ ಸಿಗುವುದು ದುರ್ಲಭ. ಕ್ಯಾಲಿಫೋರ್ನಿಯದಲ್ಲಿ ರ್‍ಯಾಂಡಲ್ ಗ್ರಾಮ್ ತಮ್ಮ ಮಿಶ್ರಣಕ್ಕೆ 'ಹಾರುವ ಸಿಗಾರ್' ಎಂಬರ್ಥದ ಫ್ರೆಂಚ್ ಹೆಸರಿಟ್ಟು 1984ರ ಬೆಳೆಯಿಂದ ತಯಾರಿಸತೊಡಗಿದರು. ಲೇಬಲಿನಲ್ಲಿ ತೋಟದ ಮೇಲೆ ತೇಲುವ ಆಕಾಶನೌಕೆಯ ಚಿತ್ರ. 1989ರಲ್ಲಿ ಪೆರಾನ್ ಮನೆತನ ಮತ್ತು ಅಮೆರಿಕದ ಆಮದುಗಾರ ರಾಬರ್ಟ್ ಹಾಸ್ ಸೇರಿ ಪಾಸೊ ರೋಬ್ಲೆಸ್‌ನಲ್ಲಿ ಟಬ್ಲಾಸ್ ಕ್ರೀಕ್ ತೋಟ ಆರಂಭಿಸಿ ಬೋಕಾಸ್ತೆಲ್‌ನ ಕಡ್ಡಿಗಳನ್ನೇ ತರಿಸಿ ಬೆಳೆಸಿದರು.

ಕರ್ನಾಟಕದಲ್ಲಿ ಬೆಳೆಯುವ ಮುಖ್ಯ ವೈನ್ ದ್ರಾಕ್ಷಿಗಳಲ್ಲಿ ಸಿರಾ ಇದೆ, ಶಿರಾಜ್ ಎಂಬ ಆಸ್ಟ್ರೇಲಿಯದ ಹೆಸರಿನಲ್ಲಿ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ತಪ್ಪಲಿನಲ್ಲಿ ಕನ್ವಲ್ ಗ್ರೋವರ್ ಆರಂಭಿಸಿದ ತೋಟದ ಹೆಸರಾಂತ 'ಲಾ ರಿಸರ್ವ್' ಕೆಬರ್ನೆ ಸೊವಿನ್ಯೋನ್ ಮತ್ತು ಶಿರಾಜ್ ಮಿಶ್ರಣ. ರಾಜ್ಯ 2007ರಲ್ಲಿ ವೈನ್ ನೀತಿ ತಂದ ಮೇಲೆ ಇಂಥ ತೋಟಗಳು ಹೆಚ್ಚಿದವು. ಇಲ್ಲಿ ಬಳ್ಳಿಗೆ ಚಳಿಗಾಲದ ನಿದ್ರೆಯಿಲ್ಲ. ವರ್ಷಕ್ಕೆ ಎರಡು ಚಾಟ್ನಿ, ಕೊಯ್ಲು ಮಳೆಗಾಲ ಕಳೆದ ಎಷ್ಟೋ ತಿಂಗಳ ಮೇಲೆ, ಬೇಸಿಗೆಯ ಹೊಸ್ತಿಲಲ್ಲಿ.

ಊಟದ ಜೊತೆ

ಊರಿನವರು ಇದನ್ನು ಕುಡಿಯುವುದು ಊಟದ ಜೊತೆ, ಊಟವೆಂದರೆ ಮಾಂಸ. ದೋಬ್ ಎಂಬ ಪ್ರೊವಾನ್ಸಿನ ಅಡುಗೆ ಇದಕ್ಕೆ ಹೇಳಿ ಮಾಡಿಸಿದ್ದು. ದನದ ಮಾಂಸದ ದಪ್ಪ ತುಂಡುಗಳನ್ನು ಕೆಂಪು ವೈನ್, ಬೆಳ್ಳುಳ್ಳಿ, ಥೈಮ್, ಕಿತ್ತಳೆ ಸಿಪ್ಪೆಯ ಜೊತೆ ರಾತ್ರಿಯಿಡೀ ನೆನೆಹಾಕುತ್ತಾರೆ. ಬೆಳಿಗ್ಗೆ ಹೊಟ್ಟೆ ಉಬ್ಬಿದ ಮಣ್ಣಿನ ಗಡಿಗೆಗೆ ತುಂಬಿ, ಮುಚ್ಚಳದ ಸಂದಿಗೆ ಕೆಲವರು ಹಿಟ್ಟು ಮೆತ್ತಿ, ಸಣ್ಣ ಉರಿಯಲ್ಲಿ ನಾಲ್ಕೈದು ಗಂಟೆ ಬಿಡುತ್ತಾರೆ. ಮಾಂಸ ಚಮಚಕ್ಕೆ ಬಿಟ್ಟುಕೊಳ್ಳುವಷ್ಟು ಮೆತ್ತಗಾದಾಗ ಕಪ್ಪು ಆಲಿವ್ ಹಾಕಿ ಇಳಿಸುತ್ತಾರೆ. ಮಾರನೆಯ ದಿನ ಬಿಸಿ ಮಾಡಿದರೆ ರುಚಿ ಇನ್ನೂ ಹೆಚ್ಚು. ನದಿ ಸಮುದ್ರ ಸೇರುವ ಕಮಾರ್ಗ್ ಪ್ರದೇಶದಲ್ಲಿ ಹೋರಿಯ ಮಾಂಸವನ್ನು ಹೀಗೆಯೇ ಬೇಯಿಸಿ ಅಲ್ಲಿ ಬೆಳೆದ ಅಕ್ಕಿಯ ಅನ್ನದೊಂದಿಗೆ ಬಡಿಸುತ್ತಾರೆ. ರೋಸ್‌ಮೇರಿ ಹಚ್ಚಿ ಸುಟ್ಟ ಕುರಿಯ ತೊಡೆ, ಕಾಡುಹಂದಿ, ಬಾತುಕೋಳಿ ಕೂಡ ಹೊಂದುತ್ತವೆ. ಮಾಂಸದ ಕೊಬ್ಬು ಮತ್ತು ಪ್ರೋಟೀನು ವೈನಿನ ಒಗರನ್ನು ಹಿಡಿದು ಮೆದುವಾಗಿಸುತ್ತವೆ.

ಚಳಿಗಾಲದಲ್ಲಿ ವೋಕ್ಲೂಜ್‌ನ ಇನ್ನೊಂದು ಸಂಪತ್ತು ಕಪ್ಪು ಟ್ರಫಲ್, ಅಂದರೆ ನೆಲದಡಿಯ ಅಣಬೆ. ರಿಶ್ರಾಂಶ್ ಮತ್ತು ಕಾರ್ಪಾಂತ್ರಾ ಸಂತೆಗಳಲ್ಲಿ ಅದರ ವ್ಯಾಪಾರ ನಡೆಯುತ್ತದೆ. ಬರೀ ಮೊಟ್ಟೆಯ ಆಮ್ಲೆಟ್ಟಿನ ಮೇಲೆ ತೆಳ್ಳಗೆ ಹೆರೆದ ಟ್ರಫಲ್, ಪಕ್ಕದಲ್ಲಿ ಹದಿನೈದು ವರ್ಷ ಮಾಗಿದ ಶಾತೊನಫ್. ಈ ವೈನಿಗೆ ಇದಕ್ಕಿಂತ ಒಳ್ಳೆಯ ಜೋಡಿ ಇಲ್ಲವೆಂದು ಹೇಳಿದರೆ ಉತ್ಪ್ರೇಕ್ಷೆಯಾಗದು. ಮಾಂಸ ತಿನ್ನದವರಿಗೆ ಬದನೆ, ಟೊಮೆಟೊ, ದಪ್ಪಮೆಣಸಿನಕಾಯಿ ಬೇಯಿಸಿದ ರಟಟೂಯ್, ಅಣಬೆ, ಹಳೆಯ ಗಟ್ಟಿ ಚೀಸ್ ಇವೆ. ಮೀನಿಗೆ ಇದು ಬೇಡ. ಅದಕ್ಕೆ ಇಲ್ಲಿಯದೇ ಬಿಳಿ ವೈನ್ ಇದೆ.

ನಮ್ಮ ಅಡುಗೆಯ ಜೊತೆ ಇದನ್ನು ಇಡುವವರು ಒಂದು ಸಂಗತಿ ತಿಳಿದಿರಬೇಕು. ಮೆಣಸಿನಕಾಯಿಯ ಖಾರ ಮತ್ತು ಮದ್ಯಸಾರ ಎರಡೂ ನಾಲಿಗೆಯ ಒಂದೇ ಉರಿ-ಗ್ರಾಹಕವನ್ನು ಕೆರಳಿಸುತ್ತವೆ. ಶೇ. 15ರ ವೈನಿನ ಜೊತೆ ಗುಂಟೂರು ಮೆಣಸಿನಕಾಯಿ ಸೇರಿದರೆ ಎರಡರ ರುಚಿಯೂ ಕೆಡುತ್ತದೆ. ಕಾಳುಮೆಣಸಿನ ಖಾರಕ್ಕೆ ಈ ತೊಡಕು ಅಷ್ಟಿಲ್ಲ, ವೈನಿನಲ್ಲೇ ಅದರ ಛಾಯೆಯಿರುವುದರಿಂದ ಹೊಂದಿಕೆಯೂ ಹೆಚ್ಚು. ಕೊಡಗಿನ ಪಂದಿಕರಿಯನ್ನು ಹಸಿಮೆಣಸು ಕಡಿಮೆ ಮಾಡಿ, ಕಾಳುಮೆಣಸು ಮುಂದಿಟ್ಟು ಮಾಡಿದರೆ ಅದರ ಕೊಬ್ಬೂ ಕಾಚಂಪುಳಿಯ ಕಪ್ಪು ಹುಳಿಯೂ ಈ ವೈನಿಗೆ ಒದಗುತ್ತವೆ. ಎಳ್ಳು-ಶೇಂಗಾ ತುಂಬಿದ ಎಣ್ಣೆಗಾಯಿಯೂ ಖಾರ ತಗ್ಗಿಸಿದರೆ ಮೋಸ ಮಾಡದು. ಸಾರು, ರಸಂ, ಹುಳಿ ಮುಂದಿರುವ ಯಾವುದರ ಜೊತೆಗೂ ಬೇಡ.

ಬಡಿಸುವಾಗ 16ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ದರೆ ಸರಿ. ನಮ್ಮ ಮನೆಗಳ ಬಿಸಿಯಲ್ಲಿ ಹಾಗೆಯೇ ಸುರಿದರೆ ಸ್ಪಿರಿಟ್ಟಿನ ಘಾಟು ಮಾತ್ರ ಮೂಗಿಗೆ ಹೊಡೆಯುತ್ತದೆ. ಫ್ರಿಜ್ಜಿನಲ್ಲಿ ಇಪ್ಪತ್ತು ನಿಮಿಷ ಇಟ್ಟು ತೆಗೆಯುವುದು ಒಳ್ಳೆಯದು. ಎಳೆಯ ವೈನಾದರೆ ಅಗಲ ಬಾಯಿಯ ಹೂಜಿಗೆ ಸುರಿದು ಒಂದು ಗಂಟೆ ಬಿಡಬೇಕು. ಬೆಲೆ ಭಾರವೆನಿಸಿದವರು ಪಕ್ಕದ ಜಿಗೊಂದಾಸ್, ವಾಕೆರಾಸ್, ಇಲ್ಲವೇ ನದಿಯಾಚೆಯ ಲಿರಾಕ್ ಹುಡುಕಬಹುದು. ಬಹುತೇಕ ಅವೇ ತಳಿಗಳು, ಅದೇ ಬಿಸಿಲು.

ಇತ್ತೀಚಿನ ಬದಲಾವಣೆ

1923ರಲ್ಲಿ ಶೇ. 12.5 ಎಂಬ ಕನಿಷ್ಠ ಮಿತಿ ಹಾಕಿದ್ದು ಬಲಿಯದ ಹಣ್ಣಿನ ತೆಳು ವೈನನ್ನು ತಡೆಯಲು. ಇಂದು ಆ ಅಂಕಿ ಯಾರಿಗೂ ತೊಡಕಲ್ಲ. ಬೇಸಿಗೆಗಳು ಬಿರುಸಾಗುತ್ತಿವೆ, ಕೊಯ್ಲು ಮುಂಚೆ ಬರುತ್ತಿದೆ, ಗ್ರೆನಾಶ್ ಪೂರ್ತಿ ಹದವಾಗುವ ಹೊತ್ತಿಗೆ ಮದ್ಯಸಾರ ಶೇ. 15 ದಾಟುವುದು ಮಾಮೂಲಾಗಿದೆ. ಹೀಗಾಗಿ ಪಟ್ಟಿಯ ಕೊನೆಯಲ್ಲಿ ಮರೆತುಹೋಗಿದ್ದ ಹೆಸರುಗಳಿಗೆ ಮತ್ತೆ ಬೇಡಿಕೆ ಬಂದಿದೆ. ಕುನ್ವಾಜ್, ವಕ್ಕರೆಜ್, ತೆರ್ರೆ, ಮುಸ್ಕಾರ್ಡಾನ್ ತಳಿಗಳು ಕಡಿಮೆ ಸಿಹಿ ಕಟ್ಟುತ್ತವೆ, ಹುಳಿ ಉಳಿಸಿಕೊಳ್ಳುತ್ತವೆ. ಸಿರಾ ಕಿತ್ತ ಜಾಗದಲ್ಲಿ ಇವುಗಳನ್ನು ನೆಡುವವರಿದ್ದಾರೆ; ಕ್ಲೆರೆತ್, ಬೂರ್ಬುಲಾಂಕ್‌ನಂಥ ಬಿಳಿ ದ್ರಾಕ್ಷಿಗಳನ್ನು ಕೆಂಪಿನ ತೊಟ್ಟಿಗೇ ಹಾಕಿ ಒಟ್ಟಿಗೆ ಹುದುಗಿಸುವವರೂ ಇದ್ದಾರೆ. ಇದಕ್ಕಾಗಿ ಒಂದು ಸಾಲು ಕಾನೂನನ್ನೂ ತಿದ್ದಬೇಕಾಗಿ ಬರಲಿಲ್ಲ. ಹೊಸ ತಳಿಗೆ ಅನುಮತಿ ಬೇಡಿ ವರ್ಷಗಟ್ಟಲೆ ಕಾಯುವ ಪಾಡು ಫ್ರಾನ್ಸಿನ ಇತರ ಪ್ರದೇಶಗಳದ್ದು. ನೀರಾವರಿಗೆ ಮಾತ್ರ ಇಲ್ಲಿ ಬಿಗಿಯಾದ ನಿರ್ಬಂಧ ಮುಂದುವರಿದಿದೆ. ಅದನ್ನು ಎಷ್ಟು ಸಡಿಲಿಸಬೇಕೆಂಬ ವಾದ ಬೆಳೆಗಾರರ ನಡುವೆ ನಡೆಯುತ್ತಲೇ ಇದೆ.